ಮಡಿಲಿನ ವಾಕ್ಯ

ಅಗರ, ಯಳಂದೂರು ತಾಲ್ಲೂಕು

ಸ್ಪ್ಯಾನಿಷ್ ಕಲಿಸುತ್ತಿರುವ ರತ್ನ ಮೇಡಂ ಅವರಿಗೆ,

ನಿನ್ನೆ ಫೋನಿನಲ್ಲಿ ಅರ್ಧಕ್ಕೆ ನಿಂತದ್ದು ಅದೇ, ಆ ಮಡಿಲಿನ ವಾಕ್ಯದ ಮಾತು. ಮದುವೆಯಲ್ಲಿ ಹೆಣ್ಣನ್ನು ಅತ್ತೆಯ ಮಡಿಲಲ್ಲಿ ಕೂರಿಸಿ ಒಪ್ಪಿಸುವವಳು ತಾಯಿ. ನನ್ನ ಹೆಂಡತಿ ಸುವರ್ಣಮ್ಮ ಈಗಿಲ್ಲ, ಮಗಳನ್ನು ಒಪ್ಪಿಸುವ ಮಾತನ್ನು ನಾನೇ ಹೇಳಬೇಕು. ಸ್ಪೇನಿನ ಬೀಗಿತ್ತಿ ಪಿಲಾರಮ್ಮನಿಗೆ ಅವರ ಭಾಷೆ ಬಿಟ್ಟು ಬೇರೇನೂ ಬಾರದು. ಆ ಒಂದು ಮಾತು ಅವರ ಮನಸ್ಸಿಗೆ ಮುಟ್ಟಲೆಂದೇ ಈ ವಯಸ್ಸಿನಲ್ಲಿ ನಿಮ್ಮ ಪಾಠಕ್ಕೆ ಸೇರಿದೆ.

'ಮಗಳನ್ನು ನಿಮ್ಮ ಮಡಿಲಲ್ಲಿ ಕೂರಿಸುತ್ತೇನೆ' ಎಂದು ನಾನು ಬರೆದರೆ ನೀವು ಕೆಂಪು ಶಾಯಿಯಲ್ಲಿ ಹೊಡೆದು, 'ಅವರಲ್ಲಿ ಹೀಗೆ ಹೇಳುವುದಿಲ್ಲ, ಒಪ್ಪಿಸುತ್ತೇನೆ ಎನ್ನಿ' ಎಂದು ತಿದ್ದಿದಿರಿ. ಆಫ್ಟರ್ ಆಲ್, ಟೀಚರ್ ಈಸ್ ಟೀಚರ್. ತಿದ್ದಿದ್ದನ್ನೇ ಜಗುಲಿಯಲ್ಲಿ ಕೂತು ಉರು ಹೊಡೆದೆ. ಪಕ್ಕದ ಮನೆಯ ಚಾಮುಂಡಮ್ಮ, "ಯಾವ ದೇವ್ರ ಮಂತ್ರನಣ್ಣೋ ಅದು?" ಎಂದು ಕೇಳಿಯೇಬಿಟ್ಟಳು.

ಇವತ್ತು ವಿಡಿಯೊ ಕಾಲಿನಲ್ಲಿ ಬೀಗಿತ್ತಿ ಕಂಡದ್ದೇ ತಡ, ತಿದ್ದಿದ್ದು ಮರೆತು ತಪ್ಪು ವಾಕ್ಯವೇ ಬಾಯಿಗೆ ಬಂತು. "ಅಪ್ಪಾ, ಏನಂದ್ಬುಟ್ಟೆ ನೀನು!" ಎಂದು ಪಕ್ಕದಲ್ಲಿದ್ದ ನನ್ನ ಮಗಳು ಮಧುಶ್ರೀ ಹಣೆ ಚಚ್ಚಿಕೊಂಡಳು. ಅಷ್ಟರಲ್ಲಿ ಪಿಲಾರಮ್ಮ ಮಡಿಲಲ್ಲಿದ್ದ ಬೆಕ್ಕನ್ನು ಕೆಳಗಿಳಿಸಿ, ತೊಡೆ ತಟ್ಟಿ, "ವೆನ್, ಇಹಾ" ಎಂದರು. ಬಾ ಮಗಳೇ! ಇಷ್ಟು ನನಗೆ ಯಾರೂ ಹೇಳಿಕೊಡಬೇಕಾಗಲಿಲ್ಲ. ಮಧುಶ್ರೀ ಅಳುತ್ತಲೇ ನಕ್ಕಳು.

ಆದ್ದರಿಂದ, ಐ ಬೆಗ್ ಟು ರಿಕ್ವೆಸ್ಟ್, ಇದರ ಜೊತೆಗಿರುವ ಹಾಳೆಯಲ್ಲಿ ಬೇಕಾದಷ್ಟು ಕೆಂಪು ಹಾಕಿ, ಮೇಡಂ. ಮಡಿಲಿನ ವಾಕ್ಯವನ್ನು ಮಾತ್ರ ತಿದ್ದಬೇಡಿ. ಮದುವೆಯಲ್ಲಿ ಅದನ್ನೇ ಹೇಳುತ್ತೇನೆ. ಬರೆಯಲು ಇನ್ನೂ ಇತ್ತು, ಆದರೆ ಬೆಳಕು ಹೋಗುತ್ತಿದೆ, ಸಾಲು ಕಾಣಿಸುತ್ತಿಲ್ಲ.

ನಿಮ್ಮ ವಿದ್ಯಾರ್ಥಿ,
ಪುಟ್ಟಮಾದಪ್ಪ