ಚೀತೊಲಾ ಎಂದು ಬರೆಯುವುದು ಹೇಗೆ

ಫೆಬ್ರವರಿ 11, 1287. ಬೆಳಗಿನ ಪ್ರಾರ್ಥನೆಯ ನಂತರ

ಇದನ್ನು ಬರೆಯದೆಯೇ ಬಿಡುತ್ತಿದ್ದೆ. ಅಮ್ಮನಿಗೆ ಇಷ್ಟು ವರ್ಷ ಲ್ಯಾಟಿನ್‌ನಲ್ಲಿ ಪದ್ಯ ಕಳಿಸಿದ್ದು ಮಠದ ನಿಯಮವೆಂದಲ್ಲ. ಅವಳಿಗೆ ಅರ್ಥವಾಗಬಾರದೆಂದು. ಒಂಬತ್ತು ವರ್ಷದವಳಾದ ನನ್ನನ್ನು ಈ ಬಾಗಿಲಲ್ಲಿ ಬಿಟ್ಟುಹೋದಳಲ್ಲ — ಆ ಸಿಟ್ಟನ್ನು ಛಂದಸ್ಸಿಗೆ ಹೊಂದಿಸಿ ಕಳಿಸಿದೆ. ಓದಿದವರು ಹೊಗಳಿದರು.

ನಿನ್ನೆ ಉಣ್ಣೆ ತರುವ ವೆಂತೂರಾ ಬಂದಿದ್ದ. ಅಮ್ಮನ ಊರಿನವನು.

"ನಿಮ್ಮಮ್ಮ ಹಾಸಿಗೆ ಹಿಡಿದವ್ರೆ, ಸಿಸ್ಟರ್. ಈಸ್ಟರ್ ಕಾಣೋದು ಕಷ್ಟ. ನಿಮ್ಮ ಕಾಗದ ಬಂದಾಗಲೆಲ್ಲ ಪಾದ್ರಿ ಓದ್ತಾರೆ, ದೇವರ ಸ್ತೋತ್ರ ಅಂತಾರೆ. ಆವಮ್ಮ ಕೇಳೋದು ಒಂದೇ — ಇದ್ರಲ್ಲಿ ನನ್ ಬಗ್ಗೆ ಏನೂ ಇಲ್ವಾ?"

ಉಣ್ಣೆಯ ಗಂಟು ಎಣಿಸತೊಡಗಿದೆ. ಅವನು ಬಿಡಲಿಲ್ಲ.

"ಪೇಟೇಲಿ ಈಗ ನಮ್ ಮಾತಲ್ಲೇ ಪದ ಕಟ್ತಾರೆ. ನಿಮಗೆ ಮರ್ತೇಹೋಯ್ತಾ?"

ಸ್ತೋತ್ರವೆಂದದ್ದು ಪಾದ್ರಿಯ ಕರುಣೆಯೋ, ಲ್ಯಾಟಿನ್ ಬಾರದ್ದೋ.

ಫೆಬ್ರವರಿ 12

ಅಮ್ಮನಿಗೆ ಮನೆಮಾತಿನಲ್ಲಿ ಬರೆಯಲು ಕುಳಿತೆ. ಮೊದಲ ಪದಕ್ಕೇ ನಿಂತೆ. ಚೀತೊಲಾ — ಅಮ್ಮ ನನ್ನನ್ನು ಕರೆಯುತ್ತಿದ್ದದ್ದು, ಪುಟ್ಟಿ ಅಂದ ಹಾಗೆ. 'ಚ' ಹಾಕಲೋ, 'ಜ' ಹಾಕಲೋ? ಯಾರೂ ಬರೆದದ್ದು ನೋಡಿಲ್ಲ. ಅಡುಗೆಯ ಬೆನ್ವೆನೂತಾಳನ್ನು ಕೇಳಿದೆ.

"ಅದನ್ಯಾರು ಬರೀತಾರೆ? ಕೂಗ್ತಾರೆ, ಅಷ್ಟೆ." ಪಾತ್ರೆ ಕೆಳಗಿಟ್ಟು, "ನಿಮ್ಮನ್ನ ಯಾರು ಹಂಗೆ ಕೂಗೋರು?"

ಮೂವತ್ತೈದು ವರ್ಷದಿಂದ ಯಾರೂ ಇಲ್ಲ.

ಫೆಬ್ರವರಿ 20

ಎಂಟು ದಿನ ಮುಟ್ಟಲಿಲ್ಲ. ಮನೆಮಾತಿನಲ್ಲಿ ಬರೆದರೆ ಪಾದ್ರಿ ಓದುವಾಗ ಅಮ್ಮನ ಜೊತೆಗಿರುವ ಅತ್ತಿಗೆಗೂ ತಿಳಿಯುತ್ತದೆ, ನೆರೆಯವರಿಗೂ. ಅವಿತುಕೊಳ್ಳಲು ಏನೂ ಉಳಿಯುವುದಿಲ್ಲ. ಈ ಭಯ ಅಮ್ಮನಿಗಾಗಿಯೋ, ನನ್ನ ಹೆಸರಿಗಾಗಿಯೋ...

ಫೆಬ್ರವರಿ 22

ಬರೆದೆ. ಸಿಟ್ಟಿಗೆ ಲ್ಯಾಟಿನ್‌ನಲ್ಲಿ ನಲವತ್ತು ಸಾಲು ಬೇಕಾಗುತ್ತಿತ್ತು. ಮನೆಮಾತಿನಲ್ಲಿ ಒಂದೇ ಸಾಲು — ಯಾಕೆ ಬಿಟ್ಟುಹೋದೆ? ಎರಡನೆಯ ಸಾಲಿಗೆ ಅವಳ ಕೈಗಂಟಿದ ಚೆಸ್ಟ್‌ನಟ್ ಹಿಟ್ಟು ಬಂತು. ಕರೆಯದೆಯೇ.

ಫೆಬ್ರವರಿ 23, ಸಂಜೆ

ಮಠದ ಹಿರಿಯರಾದ ಮದರ್ ಯಾಕೊಬಾ ಕರೆಸಿದರು. ಹೊರಹೋಗುವ ಕಾಗದವೆಲ್ಲ ಅವರ ಕಣ್ಣಿಗೆ ಬೀಳಬೇಕು.

"ಇಷ್ಟು ಓದಿ, ಕೊನೆಗೆ ಕೋಳಿ ಕರೆಯೋ ಮಾತಲ್ಲಿ ಪದ್ಯಾನಾ?"

"ಕರೆದ್ರೆ ಕೋಳಿ ಬರ್ತವಲ್ಲ, ಮದರ್."

ನಗಲಿಲ್ಲ. ಮತ್ತೊಮ್ಮೆ ಓದಿದರು. ಬಹಳ ಹೊತ್ತು.

"ನಮ್ಮನೇಲಿ ಚೀತೊಲಾನ 'ಜ' ಹಾಕಿ ಕೂಗ್ತಿದ್ರು," ಎಂದು ಕಾಗದ ಹಿಂದಿರುಗಿಸಿದರು.

ಫೆಬ್ರವರಿ 24

ಚೊಕ್ಕ ಪ್ರತಿ ಮಾಡಿದೆ. 'ಚ' ಎಂದೇ ಬರೆದೆ. ಅವಳ ಬಾಯಲ್ಲಿ ಹಾಗಿತ್ತು. ಕೇಳಿ ಅತ್ತರೆ ಅಳಲಿ. ಅಷ್ಟು ದಿನ ಇದ್ದರೆ... ವೆಂತೂರಾ ಮತ್ತೆ ಬರುತ್ತಾನೆ. ಮಾರ್ಚ್ 3, ಸೋಮವಾರ, ಅವನ ಕೈಗೆ ಕೊಡುತ್ತೇನೆ.