ಏಣಿಯ ನಡುವೆ ನಿಂತವನು

ತಂಗೀ,

ಹೊಸ ಜಾಗಕ್ಕೆ ಬಂದು ತಲುಪಿದ್ದೇನೆಂದು ಅಪ್ಪ ಅಮ್ಮನಿಗೆ ಹೇಳು. ಇಲ್ಲಿನ ಗಾಳಿಯಂತ್ರದ ಕಂಬದೊಳಗೆ ಲಿಫ್ಟ್ ಇಲ್ಲ, ನೆಟ್ಟಗೆ ನಿಂತ ಕಬ್ಬಿಣದ ಏಣಿ. ಇಷ್ಟು ವರ್ಷ ಕೆಳಗೆ ಕೂತು ಮೀಟರು ನೋಡಿದವನು ನಾನು. ಇಲ್ಲಿ ಎಲ್ಲರೂ ಹತ್ತಬೇಕು. ನಿನ್ನೆ ಅರ್ಧ ಹತ್ತಿ ಕೆಳಗೆ ನೋಡಿದೆ, ನೋಡಿ ಕೆಟ್ಟೆ. ಏಣಿಯನ್ನು ತಬ್ಬಿಕೊಂಡು ನಿಂತುಬಿಟ್ಟೆ. ಮೇಲಿದ್ದ ಟೆಕ್ನಿಷಿಯನ್, ನಿನ್ನದೇ ವಯಸ್ಸಿನ ಹುಡುಗಿ, ಇಳಿದು ಬಂದು ನನ್ನ ಬೆಲ್ಟಿಗೆ ಇನ್ನೊಂದು ಹಗ್ಗ ಹಾಕಿದಳು. "ಕೆಳಗೆ ನೋಡ್ಬೇಡಿ ಸರ್. ನನ್ನ ಬೂಟ್ ನೋಡ್ಕೊಂಡು ಒಂದೊಂದೇ ಕಾಲು ಇಳ್ಸಿ" ಅಂದಳು. ಕೆಳಗಿದ್ದವರಿಗೆ, "ಬೆಲ್ಟಿನ ಕೊಕ್ಕೆ ಸಿಕ್ಕಾಕೊಂಡಿತ್ತು, ಅದಕ್ಕೇ ತಡ ಆಯ್ತು" ಎಂದು ಹೇಳಿ ನನ್ನ ಮಾನ ಉಳಿಸಿದಳು.

ಅದೇ ಚುಚ್ಚುತ್ತಿದೆ. ಎರಡು ವರ್ಷದ ಹಿಂದೆ ನೀನು ನಮ್ಮ ಕಂಪನಿಯಲ್ಲಿ ಇದೇ ಟೆಕ್ನಿಷಿಯನ್ ಕೆಲಸಕ್ಕೆ ಅರ್ಜಿ ಹಾಕಿದಾಗ ಸಾಹೇಬರು ನಿನ್ನ ಬಗ್ಗೆ ನನ್ನನ್ನು ಕೇಳಿದ್ದರು. "ಅವಳಿಗೆ ಎತ್ತರ ಅಂದ್ರೆ ತಲೆ ತಿರುಗುತ್ತೆ ಸರ್" ಎಂದು ಆಫೀಸಿನಲ್ಲಿ ನಾಲ್ಕು ಜನರ ಎದುರು ಹೇಳಿದವನು ನಾನೇ. ಮನೆಯ ನೀರಿನ ಟ್ಯಾಂಕ್ ಹತ್ತಿ ತೊಳೆಯುತ್ತಿದ್ದವಳು ನೀನು, ಕೆಳಗೆ ಏಣಿ ಹಿಡಿದು ನಿಲ್ಲುತ್ತಿದ್ದವನು ನಾನು. ತಂಗಿ ಕಂಬ ಹತ್ತಿದರೆ ಜೊತೆಯವರು ನನ್ನನ್ನು ಆಡಿಕೊಳ್ಳುತ್ತಾರೆಂಬ ಹೆದರಿಕೆ, ಅಷ್ಟೇ.

ಇವತ್ತು ಸಾಹೇಬರಿಗೆ ನಿಜ ಬರೆದು ಕಳಿಸಿದ್ದೇನೆ. ಮತ್ತೆ ಅರ್ಜಿ ಹಾಕು. ಮಂಡಿ ನೋವು ಬಿಟ್ಟರೆ ಆರೋಗ್ಯ ಪರವಾಗಿಲ್ಲ. ಕೆಲಸಕ್ಕೆ ಕರೆದೊಯ್ಯುವ ವ್ಯಾನು ಹಾರ್ನ್ ಮಾಡುತ್ತಿದೆ. ಇದನ್ನು ಕವರಿನಲ್ಲಿ ಹಾಕೋಣವೆಂದಿದ್ದೆ, ಆಮೇಲೆ ಬೇಕೆಂದೇ ಪೋಸ್ಟ್ ಕಾರ್ಡು ತಂದೆ. ಸುಳ್ಳನ್ನು ನಾಲ್ಕು ಜನರ ಎದುರು ಹೇಳಿದ್ದೆ. ಇದನ್ನೂ ಅಂಚೆಯವನಿಂದ ಹಿಡಿದು ಎಲ್ಲರೂ ಓದಲಿ.

ನಿನ್ನ ಅಣ್ಣ