ಮಠದ ಪಂಕ್ತಿಯಲ್ಲಿ ಕುಬಸ

ಗಂಗಾವತಿ
ಗುರುವಾರ, 14–11–2024

ಚಿ. ಸೌ. ಐಶ್ವರ್ಯಾಳಿಗೆ ಮಾವ ಕೊಟ್ರಬಸಪ್ಪನ ಆಶೀರ್ವಾದ.

ಹೇಗಿದ್ದೀಯವ್ವಾ? ಕಾಲಿನ ಬಾವು ಇಳಿಯಿತೋ ಇಲ್ಲವೋ? ರಕ್ತದ ಗುಳಿಗೆ ನುಂಗುತ್ತಿದ್ದೀಯಾ? ನುಂಗಿದರೆ ವಾಕರಿಕೆ ಬರುತ್ತದೆಂದು ಅವನ್ನು ನೀನು ದಿಂಬಿನ ಕೆಳಗೆ ತಳ್ಳುತ್ತಿದ್ದದ್ದು ಈಗ ಗೊತ್ತಾಯಿತು. ನೀನು ಕುಷ್ಟಗಿಯ ತವರಿಗೆ ಹೋದ ಮೇಲೆ ನಿಮ್ಮ ಅತ್ತೆ ಹಾಸಿಗೆ ಝಾಡಿಸಿದಾಗ ಒಂಬತ್ತು ಸಿಕ್ಕವು. ಸರಕಾರಿ ದವಾಖಾನೆಯವರು ಪುಕ್ಕಟೆ ಕೊಟ್ಟದ್ದು, ಆದ್ದರಿಂದ ನಷ್ಟವೇನಿಲ್ಲ, ಆದರೆ ಕೂಸಿಗೆ ಬೇಕು. ತಪ್ಪದೆ ನುಂಗು. ನಾನು ಫೋನು ಮಾಡಿದೆ, ಹನ್ನೊಂದು ಸಲ. ನೀನು ಎತ್ತಲಿಲ್ಲ. ನಿನ್ನ ಗಂಡ ರುದ್ರೇಶನ ಫೋನಿನಿಂದ ಮಾಡಿದರೆ ನನ್ನ ಕೆಮ್ಮು ಕೇಳಿಯೇ ಇಟ್ಟುಬಿಟ್ಟೆ. ಅದಕ್ಕೆ ಮೂವತ್ತು ವರ್ಷದ ಮೇಲೆ ಪತ್ರ ಬರೆಯಲು ಕೂತಿದ್ದೇನೆ. ಭಾನುವಾರ ಅವನು ನಿನ್ನ ಹತ್ತಿರ ಬರುವಾಗ ತರುತ್ತಾನೆ. ಹರಿಯುವ ಮೊದಲು ಓದು.

ಮೊದಲು ಲೆಕ್ಕ ಒಪ್ಪಿಸುತ್ತೇನೆ. ಲೆಕ್ಕ ಹಿಡಿಯದೆ ನನಗೆ ಮಾತು ಹೊರಡುವುದಿಲ್ಲ. ನಿನ್ನ ಏಳನೆಯ ತಿಂಗಳ ಕುಬಸಕ್ಕೆ ಆದದ್ದು: ಮಠಕ್ಕೆ ಒಂದು ದಿನದ ದಾಸೋಹ ಸೇವೆಯೆಂದು ಕಟ್ಟಿದ್ದು ಏಳು ಸಾವಿರದ ಒಂದು, ಹಸಿರು ಸೀರೆ, ರಿಯಾಯಿತಿ ಕಳೆದು, ಮೂರು ಸಾವಿರದ ಇನ್ನೂರು, ಬಳೆ, ಹೂವು ಸೇರಿ ಆರುನೂರ ನಲವತ್ತು, ಎಲೆ ಅಡಿಕೆ ನಾನೂರೈವತ್ತು, ಫೋಟೊದವನಿಗೆ ಐನೂರು. ಒಟ್ಟು ಹನ್ನೊಂದು ಸಾವಿರದ ಏಳುನೂರ ತೊಂಬತ್ತೊಂದು. ಮಠದ ಬದಲು ಹನ್ನೆರಡು ಸಾವಿರ ಕೊಟ್ಟು ಕಲ್ಯಾಣ ಮಂಟಪ ಹಿಡಿದು, ಅಡುಗೆಯವರಿಗೆ ಎಲೆಗೆ ನೂರ ಮೂವತ್ತರಂತೆ ನೂರ ಎಂಬತ್ತು ಎಲೆ ಹೇಳಿದ್ದರೆ, ಸೀರೆ, ಬಳೆ, ಉಳಿದದ್ದೆಲ್ಲ ಕೂಡಿ ನಲವತ್ತು ಸಾವಿರದ ನೂರ ತೊಂಬತ್ತು ಆಗುತ್ತಿತ್ತು. ಉಳಿದದ್ದು ಇಪ್ಪತ್ತೆಂಟು ಸಾವಿರದ ಮುನ್ನೂರ ತೊಂಬತ್ತೊಂಬತ್ತು. ಈ ಅಂಕಿಯನ್ನು ಎರಡು ಸಲ ಕೂಡಿಸಿ ಮೀಸೆ ತಿರುವಿದವನು ನಾನೇ. ಕುಬಸವಾಗಿ ಇಂದಿಗೆ ಇಪ್ಪತ್ತನಾಲ್ಕು ದಿನ. ಹೋದ ವಾರ ರುದ್ರೇಶ ನಿನ್ನನ್ನು ನೋಡಿಬಂದು, ತಾಟಿನ ಮುಂದೆ ತಲೆ ಬಗ್ಗಿಸಿ ಕೂತು, ನೀನು ಹೇಳಿಕಳಿಸಿದ್ದನ್ನು ಹಾಗೆಯೇ ಹೇಳಿದ: “ಹೆರಿಗಿ ಆದಮ್ಯಾಲೆ ಬ್ಯಾರೆ ಮನಿ ಮಾಡಿದ್ರ ಬರ್ತಾಳಂತ. ಈ ಮನಿಗಿ ಬರೂದಿಲ್ಲಂತ.” ನಿಮ್ಮ ಅತ್ತೆ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ನಾನು ಪಲ್ಲೆ ಬಾಯಿಗಿಟ್ಟೆ. ಉಪ್ಪು ಹೆಚ್ಚಾಗಿದೆ ಎಂದೆ.

ನೀನು ಹೀಗೆ ಹೇಳಿಕಳಿಸಿದ್ದು ಯಾಕೆಂದು ಮೊದಲು ನನಗೆ ತಿಳಿಯಲಿಲ್ಲ. ಈ ಮನೆಯಲ್ಲಿ ನನ್ನ ಲೆಕ್ಕದ ರುಚಿ ಹತ್ತಿದವಳು ನೀನೊಬ್ಬಳೇ ಎಂದುಕೊಂಡಿದ್ದೆ. ರಾಯಚೂರು ರಸ್ತೆಯಲ್ಲಿ ಆ ಅಗ್ಗದ ಬಜಾರು ತೆರೆದಾಗ ನಿಮ್ಮ ಅತ್ತೆ ತಂಪು ಗಾಳಿಗೆ ಹೆದರಿ ಬಾಗಿಲಲ್ಲೇ ನಿಂತಳು. ರುದ್ರೇಶ ಹಲ್ಲುಜ್ಜುವ ಬ್ರಷ್ಷು ಹನ್ನೆರಡು ತಂದ, ಒಂದು ಕೊಂಡರೆ ಒಂದು ಪುಕ್ಕಟೆ ಎಂದು. ನೀನು ಮಾತ್ರ ತೊಗರಿಬೇಳೆಯ ಮುಂದೆ ನಿಂತು, ಅಂಗೈ ಮೇಲೆ ಪೆನ್ನಿನಿಂದ ಬರೆದು, “ಮಾವಾರ, ಐದು ಕಿಲೋದ ಚೀಲದಾಗ ಕಿಲೋಕ್ಕ ನಾಕು ರೂಪಾಯಿ ಹೆಚ್ಚ ಬೀಳತೈತ್ರಿ. ದೊಡ್ಡದು ಅಗ್ಗ ಅಂತ ಮಂದಿ ತಿಳೀಲೆಂತ ಇಟ್ಟಾರ” ಎಂದೆ. ನಲವತ್ತು ವರ್ಷ ಖಾಲಿ ಚೀಲ ಮಾರಿದವನು ನಾನು; ಚೀಲದ ಬಗ್ಗೆ ನನಗೆ ಪಾಠ ಹೇಳಿದವಳು ನೀನು. ಅವತ್ತು ಬೀದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿದೆ, ನನ್ನ ಸೊಸೆ ಬಜಾರನ್ನೇ ಬುದ್ಧಿವಂತಿಕೆಯಲ್ಲಿ ಸೋಲಿಸಿದಳು ಎಂದು. ಆಮೇಲೆ ಬುಧವಾರಕ್ಕೊಮ್ಮೆ ನಾವಿಬ್ಬರೂ ಹೊರಡುತ್ತಿದ್ದೆವು. ಬೇಳೆ, ಎಣ್ಣೆ, ಸಾಬೂನು ಅಲ್ಲಿ. ಕಾಯಿಪಲ್ಲೆ ಸಂತೆಯಲ್ಲಿ, ಅದೂ ಹೊತ್ತು ಮುಳುಗಿ ಮಾರುವವರು ಗೋಣಿ ಮಡಿಸುವಾಗ. ಅಕ್ಕಿ ರೇಷನ್ ಅಂಗಡಿಯಲ್ಲಿ. ನಾನು ಪೇಟೆಯಲ್ಲಿದ್ದ ದಿನ ನನ್ನ ನಾಷ್ಟಾ ಸರಕಾರಿ ಕ್ಯಾಂಟೀನಿನ ಐದು ರೂಪಾಯಿಯ ಇಡ್ಲಿ. ತಿಂಗಳಿಗೆ ಎರಡು ಸಾವಿರದ ಮೇಲೆ ಉಳಿಯುತ್ತಿತ್ತು. ಸಕ್ಕರೆ ಒಂದು ಬಿಲ್ಲಿಗೆ ಎರಡೇ ಪಾಕೀಟು ಎಂದು ಅವರು ಹಲಗೆ ಹಾಕಿದಾಗ, ನಾನೊಂದು ಸಾಲಿನಲ್ಲಿ, ನೀನೊಂದು ಸಾಲಿನಲ್ಲಿ ನಿಂತೆವು. ನಿನಗಾಗ ಆರು ತಿಂಗಳು. ಬಿಲ್ಲು ಮಾಡುವ ಹುಡುಗಿ ನಿನಗೆ ಸ್ಟೂಲು ಎಳೆದು ಕೊಟ್ಟು ನನ್ನನ್ನು ನೋಡಿದ ನೋಟ ಇನ್ನೂ ನೆನಪಿದೆ. ಆಗ ಅದನ್ನು ಸೊಕ್ಕು ಎಂದು ಬಗೆದಿದ್ದೆ.

ಅದೇ ದಿನ ವಾಪಸು ಬರುವಾಗ ನೀನೊಂದು ಮಾತು ಹೇಳಿದೆ. ಟಂಟಂ ಗಾಡಿಯವನು ಇಪ್ಪತ್ತು ಕೇಳಿದನೆಂದು ನಾವು ನಡೆದೇ ಬರುತ್ತಿದ್ದೆವು. ಸಕ್ಕರೆಯ ಚೀಲವನ್ನು ಕೈ ಬದಲಿಸಿಕೊಂಡು ನೀನು, “ಮಾವಾರ, ಎಲ್ಲಾದಕ್ಕೂ ಲೆಕ್ಕ ಹಾಕೂಣ್ರಿ. ನನ್ನ ಕುಬಸಕ್ಕ ಮಾತ್ರ ಬ್ಯಾಡ್ರಿ. ಮದಿವ್ಯಾಗ ಐವತ್ತೊಂದು ಮಂದಿ ಮದುಮಗಳ್ಯಾರೊಳಗ ನಾನೂ ಒಬ್ಬಾಕಿ. ಕುಬಸದಾಗರ ನಾ ಒಬ್ಬಾಕೇ ಇರಬೇಕ್ರಿ” ಎಂದೆ. ನಾನು ನಕ್ಕೆ. ನಿನ್ನ ಮದುವೆಯನ್ನು ಸಾಮೂಹಿಕ ವಿವಾಹದಲ್ಲಿ ಮಾಡೋಣವೆಂದು ನಿಮ್ಮ ಅಪ್ಪನನ್ನು ಒಪ್ಪಿಸಿದವನೂ ನಾನೇ. ತಾಳಿ ಪುಕ್ಕಟೆ, ಸೀರೆ ಪುಕ್ಕಟೆ, ಊಟ ಪುಕ್ಕಟೆ. ಸಾಮೂಹಿಕ ವಿವಾಹ ಕೆಟ್ಟದ್ದೆಂದು ಈಗಲೂ ಅನ್ನುವುದಿಲ್ಲ. ಸಾಲ ಮಾಡಿ ಮೆರೆದವರ ಗತಿ ನೋಡಿದ್ದೇನೆ. ಆದರೆ ನಮ್ಮ ಮನೆಯ ಗೋಡೆಗೆ ತೂಗುಹಾಕಿದ ಆ ಉದ್ದನೆಯ ಫೋಟೊದಲ್ಲಿ ಯಾರಾದರೂ ನೀನೆಲ್ಲಿ ಎಂದು ಕೇಳಿದರೆ ನೀನು ಎಡಗಡೆಯಿಂದ ಬೆರಳಿಟ್ಟು ಎಣಿಸಿ ತೋರಿಸುತ್ತಿದ್ದೆ. ಮೂವತ್ತನಾಲ್ಕನೆಯವಳು. ಆ ಬೆರಳನ್ನು ನಾನು ದಿನವೂ ನೋಡಿದ್ದೇನೆ, ಎಣಿಕೆಯಲ್ಲಿ ನೀನು ಚುರುಕು ಎಂದು ಮೆಚ್ಚಿದ್ದೇನೆ.

ದಾಸೋಹದ ಯೋಚನೆ ಹೇಗೆ ಬಂತು ಎಂದು ನೀನು ಕೇಳಬಹುದು. ಹದಿನಾರನೆಯ ವಯಸ್ಸಿಗೆ ಯಲಬುರ್ಗಿ ಕಡೆಯಿಂದ ಬಂದು ಅಕ್ಕಿ ಗಿರಣಿಯಲ್ಲಿ ಹಮಾಲಿಗೆ ನಿಂತಾಗ, ಮೂರು ವರ್ಷ ಮಧ್ಯಾಹ್ನದ ಊಟವನ್ನು ಊರ ಹೊರಗಿನ ಆ ಮಠದ ಪಂಕ್ತಿಯಲ್ಲೇ ಮಾಡಿದೆ. ಯಾರೂ ನೀನು ಯಾರು ಎಂದು ಕೇಳಲಿಲ್ಲ. ನನ್ನ ಮೊಮ್ಮಗುವಿನ ಹೆಸರಿನಲ್ಲಿ ಅಲ್ಲಿ ಒಂದು ದಿನ ಅನ್ನ ಹಾಕಿಸಿದರೆ ಅದಕ್ಕಿಂತ ದೊಡ್ಡ ಕುಬಸ ಯಾವುದು ಎಂದು ನಿಮ್ಮ ಅತ್ತೆಗೆ ಹೇಳಿದೆ. ಸುಳ್ಳಲ್ಲ. ಆದರೆ ಪೂರ್ತಿ ನಿಜವೂ ಅಲ್ಲ. ಅರ್ಧ ಅದು, ಇನ್ನರ್ಧ ಇಪ್ಪತ್ತೆಂಟು ಸಾವಿರದ ಮುನ್ನೂರ ತೊಂಬತ್ತೊಂಬತ್ತು.

ಸೋಮವಾರ ಒಳ್ಳೆಯ ದಿನವೆಂದು ಆರಿಸಿದೆ. ಸೋಮವಾರ ಸುತ್ತಲಿನ ಹತ್ತೂರಿನ ಜನ ಅಲ್ಲಿಗೆ ಊಟಕ್ಕೆ ಬರುತ್ತಾರೆಂಬುದು ಮರೆತುಹೋಯಿತು. ನಿಮ್ಮ ತವರಿನವರು ನಲವತ್ತೆರಡು ಜನ ಟೆಂಪೊದಲ್ಲಿ ಬಂದಿಳಿದರು. ನಿಮ್ಮ ಅವ್ವ ಐದು ಬುತ್ತಿ ತಂದಿದ್ದಳು: ಶೇಂಗಾ ಹೋಳಿಗೆ, ಕರ್ಚಿಕಾಯಿ, ಎಳ್ಳು ಹಚ್ಚಿದ ರೊಟ್ಟಿ, ನಿನ್ನ ಬಾಯಿಗೆ ಏನೇನು ಬೇಕೆನಿಸಿತ್ತೋ ಅವೆಲ್ಲ. ಬಾಗಿಲಲ್ಲೇ ಉಗ್ರಾಣದ ಮುದುಕ ಬುಟ್ಟಿಗಳನ್ನು ಇಸಿದುಕೊಂಡು, “ಮಠಕ್ಕ ಬಂದ ಬುತ್ತಿ ಮಠದ್ದರಿ. ಇಲ್ಲಿ ನಂದು ನಿಂದು ಅನ್ನೂದಿಲ್ಲ” ಎಂದು ಒಳಗೆ ಕಳಿಸಿದ. ಅದು ಅಲ್ಲಿನ ಕಟ್ಟಳೆ. ಆ ಕಟ್ಟಳೆಯಿಂದಲೇ ನಾನು ಮೂರು ವರ್ಷ ಯಾರ್ಯಾರದೋ ಮನೆಯ ಹೋಳಿಗೆ ತಿಂದಿದ್ದೇನೆ. ನನಗಲ್ಲದೆ ಮತ್ತಾರಿಗೆ ಅದು ನೆನಪಿರಬೇಕಿತ್ತು? ನಿಮ್ಮ ಅವ್ವ ನನ್ನ ಮುಖ ನೋಡಿದಳು. ಇವು ಬಸುರಿಯ ಬುತ್ತಿ, ತಿರುಗಿ ಕೊಡ್ರಿ ಎಂದು ನಾನು ಒಂದು ಮಾತು ಹೇಳಿದ್ದರೆ ಆ ಮುದುಕ ಕೊಡುತ್ತಿದ್ದನೋ ಏನೋ. ಸೇವೆ ಕಟ್ಟಿದವನು ಬುಟ್ಟಿಗೆ ಜಗಳ ತೆಗೆದ ಅನ್ನಿಸಿಕೊಳ್ಳಬಾರದೆಂದು ಸುಮ್ಮನಿದ್ದೆ. ಆರತಿ ಪಡಸಾಲೆಯಲ್ಲಿ ಹದಿನೈದು ನಿಮಿಷದಲ್ಲಿ ಮುಗಿಯಿತು, ಮುಂದಿನ ಪಂಕ್ತಿಯವರು ತಾಟು ಹಿಡಿದು ನಿಂತಿದ್ದರು. ಒಂದೊಂದು ಹೋಳಿಗೆಯನ್ನೂ ನಾಲ್ಕು ತುಂಡು ಮಾಡಿ ಎಲ್ಲರಿಗೂ ಬಡಿಸಿದರು. ನಿನ್ನ ತಾಟಿಗೂ ಒಂದು ತುಂಡು ಬಿತ್ತು.

ಇದಿಷ್ಟೇ ಆಗಿದ್ದರೆ ನಾನು ಈ ಪತ್ರ ಬರೆಯುತ್ತಿರಲಿಲ್ಲ, ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದೆ. ನನ್ನ ಜೊತೆ ಚೀಲ ಹೊತ್ತ ಹಮಾಲ ನೂರಸಾಬ ಅವತ್ತು ಪಂಕ್ತಿಯಲ್ಲಿದ್ದ. ತನ್ನ ತುಂಡು ಹೋಳಿಗೆಯನ್ನು ಕಣ್ಣಿಗೊತ್ತಿಕೊಂಡು, “ಅಣ್ಣಾ, ಸೊಸಿ ಕುಬಸ ಅಂದಿ. ಸೊಸಿ ಎಲ್ಲದಾಳೋ? ನಾನೂ ಒಂದೀಟು ದುವಾ ಮಾಡ್ತೀನಿ” ಎಂದ. ನಾನು ಬೆರಳೆತ್ತಿ ತಿರುಗಿದೆ. ಮುನ್ನೂರು ಜನ ಕೂತಿದ್ದರು. ಎರಡನೆಯ ಸಾಲು ನೋಡಿದೆ, ಮೂರನೆಯದು ನೋಡಿದೆ. ನನ್ನ ಬೆರಳು ಎತ್ತಿದಲ್ಲೇ ನಿಂತಿತು. ನೀನು ಸಿಗಲಿಲ್ಲ. ಆಮೇಲೆ ಕಂಬದ ಪಕ್ಕದಲ್ಲಿ ಕಂಡೆ, ನೆಲದ ಮೇಲೆ ಕೂರಲಾಗದೆ ಒಂದು ಕೈಯನ್ನು ಹಿಂದೆ ಊರಿಕೊಂಡಿದ್ದೆ. ನೀನು ನನ್ನನ್ನೇ ನೋಡುತ್ತಿದ್ದೆ. ನಾನು ಹುಡುಕಿದ್ದನ್ನು ನೀನು ಪೂರ್ತಿ ನೋಡಿದ್ದೆ.

ನಿಮ್ಮ ಅಪ್ಪ ಹುಚ್ಚೀರಪ್ಪನವರು ಕೈ ತೊಳೆಯುತ್ತ, “ಬೀಗರ, ಪ್ರಸಾದ ಛಲೋ ಆತ್ರಿ. ಮಠದವರಿಗೆ ಹೇಳ್ತೀವಿ. ನಿಮಗೇನ ಹೇಳೂಣ?” ಎಂದರು. ಹೆರಿಗೆಗೆ ನೀನು ತವರಿಗೆ ಹೋಗಬೇಕಾದದ್ದೇ. ಆದರೆ ನೀನು ನಮ್ಮ ಕಾಲಿಗೆ ಬೀಳದೆ ಟೆಂಪೊ ಹತ್ತಿದೆ. ನಿಮ್ಮ ಅತ್ತೆ ಇಪ್ಪತ್ತನಾಲ್ಕು ದಿನದಲ್ಲಿ ನನ್ನೊಂದಿಗೆ ಆಡಿದ ಮಾತು ಕೈಬೆರಳಲ್ಲಿ ಎಣಿಸಬಹುದು. ಊಟಕ್ಕೆ ಕೂತಾಗ ತಾಟು ಸರಿಸಿ, “ಉಳಿಸೀರಲ್ಲ, ತಿನ್ರಿ” ಎನ್ನುತ್ತಾಳೆ. ಬುಧವಾರ ಬಜಾರಿಗೆ ಒಬ್ಬನೇ ಹೋಗುತ್ತೇನೆ. ಬೆಲೆಯ ಚೀಟಿಯಲ್ಲಿನ ಸಣ್ಣ ಅಕ್ಷರ ನನಗೆ ಕಾಣುವುದಿಲ್ಲ. ಯಾರನ್ನಾದರೂ ಓದಲು ಕೇಳಬಹುದು, ಕೇಳುವುದಿಲ್ಲ. ಸಿಕ್ಕಿದ್ದನ್ನು ತರುತ್ತೇನೆ. ದಣಿವಾಗಿದೆ ಐಶ್ವರ್ಯಾ. ಒಂದು ರೂಪಾಯಿ ಬಿಡದೆ ಬದುಕಿದ್ದಕ್ಕೆ ನನ್ನ ಮನೆಗೆ ಗೋಡೆ ಬಂತು, ಮಗ ಓದಿದ, ಅದನ್ನು ಅಲ್ಲಗಳೆಯಲಾರೆ. ಎಲ್ಲಿ ನಿಲ್ಲಿಸಬೇಕೆಂದು ಮಾತ್ರ ನನಗೆ ಯಾರೂ ಕಲಿಸಲಿಲ್ಲ. ನೀನು ಕಲಿಸಿದ್ದೆ, ಸಕ್ಕರೆ ಹೊತ್ತುಕೊಂಡು. ನಾನು ನಕ್ಕೆ. ತಪ್ಪು ನನ್ನದು. ಇದನ್ನು ನಿನ್ನೆದುರು ಬಾಯಿಬಿಟ್ಟು ಹೇಳಲು ನನಗೆ ಬರುವುದಿಲ್ಲ, ಬರೆದರೆ ಬರುತ್ತದೆ.

ಬೀಗರಿಗೂ ನಿಮ್ಮ ಅವ್ವನಿಗೂ ನನ್ನ ಶರಣು ತಿಳಿಸು. ಅವರು ಬೈದರೆ ಸುಮ್ಮನೆ ಕೇಳು, ನನ್ನ ಪರ ಮಾತಾಡಬೇಡ. ತಣ್ಣೀರಲ್ಲಿ ಕೈಯಾಡಿಸಬೇಡ. ನಿನ್ನ ಮೈ ಹಗುರಾಗಿ, ಕೂಸು ಗಟ್ಟಿಮುಟ್ಟಾಗಿ ಬರಲಿ.

ಇಂತಿ ನಿನ್ನ ಮಾವ,
ಕೊಟ್ರಬಸಪ್ಪ

ಮ.ಬ.: ರುದ್ರೇಶ ಬಾಗಿಲಲ್ಲಿ ಬೂಟು ಕಳಚುತ್ತಿದ್ದಾನೆ, ಅವನು ಒಳಗೆ ಬರುವುದರೊಳಗೆ ಬರೆದು ಮುಗಿಸುತ್ತೇನೆ. ಲಕೋಟೆಯ ಮೂಲೆಯಲ್ಲಿ ಗಟ್ಟಿಯಾಗಿ ಕೈಗೆ ಸಿಗುವುದು ಕೀಲಿಕೈ. ಹಿರೇಜಂತಕಲ್ಲಿನಲ್ಲಿ ಉಮರಸಾಬರ ಮನೆಯ ಕೆಳ ಅಂತಸ್ತು, ಎರಡು ಕೋಣೆ, ಅಡುಗೆಮನೆ, ನಳ ಒಳಗೇ ಇದೆ. ಮುಂಗಡ ನಲವತ್ತು ಸಾವಿರ ನಿನ್ನೆ ಕೊಟ್ಟೆ. ಅವರು ಕೇಳಿದಷ್ಟೇ ಕೊಟ್ಟೆ, “ಏನ್ರೀ, ಚೌಕಾಸಿ ಇಲ್ಲೇನು? ಆರಾಮ ಅದೀರಿಲ್ಲ?” ಎಂದು ಕೇಳಿದರು. ಕರಾರು ಪತ್ರ ನಿನ್ನ ಹೆಸರಿನಲ್ಲಿದೆ, ರುದ್ರೇಶನ ಹೆಸರಿನಲ್ಲಲ್ಲ. ಅವನಿಗೆ ಇನ್ನೂ ಗೊತ್ತಿಲ್ಲ, ನಿಮ್ಮ ಅತ್ತೆಗೂ ಹೇಳಿಲ್ಲ. ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು. ನೀನು ಕರೆದ ಹೊರತು ನಾನು ಆ ಹೊಸ್ತಿಲು ತುಳಿಯುವುದಿಲ್ಲ. ಯಾರಿಗೆ ಏನು ದಕ್ಕಿತು ಎಂಬುದನ್ನು ಇಲ್ಲೇ ಮುಗಿಸುತ್ತೇನೆ. ಮಠಕ್ಕೆ ಏಳು ಸಾವಿರದ ಒಂದು ಮತ್ತು ಐದು ಬುತ್ತಿ. ನೂರಸಾಬನಿಗೆ ಕಾಲು ಹೋಳಿಗೆ. ಉಮರಸಾಬರಿಗೆ ತಿಂಗಳಿಗೆ ಆರು ಸಾವಿರ ಬಾಡಿಗೆ. ರುದ್ರೇಶನಿಗೆ ಹೆಂಡತಿ, ಕೂಸು. ನಿಮ್ಮ ಅತ್ತೆಗೆ ಕೂಸನ್ನು ನೋಡಲು ಹದಿನೈದು ನಿಮಿಷದ ನಡಿಗೆ. ನಿನಗೆ ಒಂದು ಮನೆ. ನನ್ನ ಹೆಸರಿನ ಮುಂದೆ ಇನ್ನೂ ಏನೂ ಬರೆದಿಲ್ಲ.